ಒಂದು ಕಾರ್ಡಿಗೆ ದೊಡ್ಡಮ್ಮನ ಅರ್ಧ ಸಹಿ

ಒಬ್ಬ ವಿದ್ಯಾರ್ಥಿಯ ಬಳಿ ಎಷ್ಟು ಕ್ರೆಡಿಟ್ ಕಾರ್ಡ್ ಇರಬೇಕು ಎಂಬ ಪ್ರಶ್ನೆಯನ್ನು ನಾನು ಶಾಶ್ವತವಾಗಿ ಬಗೆಹರಿಸಿದ್ದೇನೆ. ಇನ್ನು ಯಾರೂ ಈ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬಗೆಹರಿಸಿದ್ದು ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ, ಎರಡು ಬೆಣ್ಣೆದೋಸೆ ಮುಗಿಯುವಷ್ಟರಲ್ಲಿ. ಎದುರಾಳಿ ನನ್ನ ಗೆಳತಿ ವೀಣಾ.

ವೀಣಾಳ ಪರ್ಸಿನಲ್ಲಿ ಮೂರು ಕಾರ್ಡುಗಳಿವೆ. ಮೂರೂ ಅವಳ ಅಪ್ಪನ ಕಾರ್ಡುಗಳು ಹಾಕಿದ ಮರಿಗಳು. ಪೆಟ್ರೋಲಿಗೊಂದು, ಬಟ್ಟೆಗೊಂದು, ಕಷ್ಟಕಾಲಕ್ಕೊಂದು. ಅವಳ ಕಷ್ಟಕಾಲ ಸಾಮಾನ್ಯವಾಗಿ ಶನಿವಾರ ಸಂಜೆ ಬರುತ್ತದೆ. ನಾನು ಹೇಳಿದೆ: ಸೊನ್ನೆ ಅನ್ನುವುದು ಹೆದರಿಕೆ, ಮೂರು ಅನ್ನುವುದು ಆಸೆಬುರುಕತನ, ಒಂದು ಅನ್ನುವುದು ವಿವೇಕ. ಕಾರ್ಡೇ ಇಲ್ಲದವನಿಗೆ ಶಿಸ್ತು ಕಲಿಯುವ ಅವಕಾಶವಿಲ್ಲ. ಮೂರು ಇದ್ದವನು ಶಿಸ್ತು ಎಲ್ಲಿ ಬಿದ್ದುಹೋಯಿತು ಅಂತ ಹುಡುಕುತ್ತಿರಬೇಕು. ಆದ್ದರಿಂದ ಒಂದು.

ವೀಣಾ ಮಾತಾಡಲಿಲ್ಲ. ಬಾಯಲ್ಲಿ ದೋಸೆ ಇತ್ತು ನಿಜ. ಆದರೂ ಚರ್ಚಾಸ್ಪರ್ಧೆಯ ನಿಯಮದ ಪ್ರಕಾರ ಮೌನವೆಂದರೆ ಒಪ್ಪಿಗೆ. ದೋಸೆ ನುಂಗಿದ ಮೇಲೆ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು.

"ಸರಿ, ನಿನ್ನತ್ರ ಎಷ್ಟು ಐತೆ?"

ಸೊನ್ನೆ ಇತ್ತು. ಬಿಲ್ಲು ಅವಳೇ ಕೊಟ್ಟಳು.

ಇಂಥ ಅವಮಾನವನ್ನು ಸಹಿಸುವವಳು ನಾನಲ್ಲ. ಎಂ.ಕಾಂ. ಓದುತ್ತಿರುವವಳು, ಹೈಸ್ಕೂಲಿನಿಂದ ಇವತ್ತಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ಹದಿನೇಳು ಕಪ್ ಗೆದ್ದವಳು. ನಮ್ಮ ಅಪ್ಪಾಜಿಗೆ ಸ್ಟೀಲ್ ಪಾತ್ರೆಗಳ ಅಂಗಡಿ ಇದೆ. ಬಹುಮಾನದ ಕಪ್ಪುಗಳನ್ನೂ ಅಲ್ಲೇ ಮಾರುತ್ತಾರೆ. ಹಾಗಾಗಿ ಆ ಹದಿನೇಳರಲ್ಲಿ ಅರ್ಧದಷ್ಟು ನಮ್ಮ ಅಂಗಡಿಯಿಂದಲೇ ಹೊರಟು, ಕಾಲೇಜುಗಳ ವೇದಿಕೆ ಹತ್ತಿಳಿದು, ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯ ಶೋಕೇಸಿಗೆ ವಾಪಸು ಬಂದಂಥವು. ಮಾರಿದ ಮಾಲು ಹೀಗೆ ಮನೆಗೇ ಮರಳುವುದನ್ನು ಕಂಡು ಅಪ್ಪಾಜಿಗೆ ಹೆಮ್ಮೆಯೋ ಬೇಸರವೋ, ಇನ್ನೂ ನನಗೆ ತಿಳಿದಿಲ್ಲ.

ಬ್ಯಾಂಕಿಗೆ ಹೋದೆ. ಆದಾಯವಿಲ್ಲದ ವಿದ್ಯಾರ್ಥಿನಿಗೆ ಕಾರ್ಡ್ ಸಿಗುವುದು ಕಷ್ಟ, ಆದರೆ ಠೇವಣಿ ಏನಾದರೂ ಇದ್ದರೆ ಅದರ ಆಧಾರದ ಮೇಲೆ ಕೊಡಬಹುದು ಅಂದರು. ಠೇವಣಿ ಇತ್ತು! ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದಾಗ ಹರಿಹರದ ದೊಡ್ಡಮ್ಮ ನನಗಾಗಿ ಇಟ್ಟದ್ದು. ಆದರೆ ಅದು ಅವರ ಮತ್ತು ನನ್ನ ಜಂಟಿ ಹೆಸರಿನಲ್ಲಿತ್ತು. ಬ್ಯಾಂಕಿನವರು ಒಂದು ಫಾರಂ ಕೊಟ್ಟು, ಕೆಳಗಿನ ಒಂದು ಗೆರೆಯ ಮೇಲೆ ಪೆನ್ಸಿಲಿನಲ್ಲಿ ಗುಣಿಸು ಚಿಹ್ನೆ ಹಾಕಿದರು. ಇಲ್ಲಿ ದೊಡ್ಡಮ್ಮನ ಸಹಿ ಬಿದ್ದರೆ ಮುಗೀತು. ನನಗೂ ನನ್ನ ವಿವೇಕಕ್ಕೂ ಮಧ್ಯೆ ಉಳಿದದ್ದು ಒಂದು ಸಹಿ ಮಾತ್ರ.

ಅಪ್ಪಾಜಿ ಅಡ್ಡಿ ಹೇಳಲಿಲ್ಲ. ಸ್ಕೂಟರ್ ಕೊಡಿಸುವ ವಿಷಯದಲ್ಲಿ ನನ್ನ ಜೊತೆ ಎರಡು ದಿನ ವಾದಿಸಿ ಸೋತ ಮೇಲೆ, ನಾನು "ಮೊದಲನೆಯದಾಗಿ" ಅಂದ ಕೂಡಲೇ ಅವರು "ಆಯ್ತು" ಅಂದುಬಿಡುತ್ತಾರೆ. ಈ ಸಲವೂ ಹಾಗೇ ಅಂದು, ಒಂದು ಮಾತು ಸೇರಿಸಿದರು.

"ಸಹಿ ಮಾಡಿಸ್ಕಂಡು ಬಾ. ಅಲ್ಲಿ ಹೋಗಿ ಮಾತಾಡಬ್ಯಾಡ."

ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಹರಿಹರ ಬಂದ ಕೂಡ್ಲೆ ಬಾಯಾಗೆ ಎಲೆ ಅಡಿಕೆ ಹಾಕ್ಯ."

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಮಾತಾಡುವುದಿಲ್ಲ ಎಂದು ನಿರ್ಧರಿಸಿಯೇ ಹೊರಟಿದ್ದೆ. ಯಾವುದಕ್ಕೂ ಇರಲಿ ಎಂದು, ಆಕ್ಷೇಪವೂ ಉತ್ತರವೂ ಇರುವ ಹನ್ನೊಂದು ಅಂಶಗಳ ಒಂದು ಟಿಪ್ಪಣಿಯನ್ನು ಮಾತ್ರ ಇಟ್ಟುಕೊಂಡಿದ್ದೆ. ಹರಿಹರ ಬರುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜ ಆರನೆಯ ಅಂಶಕ್ಕೆ ನಿದ್ದೆ ಹೋಗಿದ್ದರು.

ದೊಡ್ಡಮ್ಮ ನಡುಮನೆಯಲ್ಲಿ ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ದೊಡ್ಡಪ್ಪ ಹೋದ ಮೇಲೆ ನಮ್ಮ ವಂಶದ ಮದುವೆ, ಮನೆ, ಮಿಕ್ಸರ್ ಎಲ್ಲದಕ್ಕೂ ಅವರ ಒಪ್ಪಿಗೆ ಬೇಕು. ವಿಷಯ ಹೇಳಿದೆ. ಅವರು ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. "ಎಲ್ಲಿ ಮಾಡಬೇಕು ತೋರ್ಸು ಪುಟ್ಟಿ" ಅಂದರು. ನಾನು ತೋರಿಸಿದೆ. ಪೆನ್ನಿನ ತುದಿ ಕಾಗದಕ್ಕೆ ತಾಗಿತು. ಒಂದು ನೀಲಿ ಚುಕ್ಕೆ ಮೂಡಿತು.

ಆಗ ನಾನು ಬಾಯಿ ಬಿಟ್ಟೆ.

"ದೊಡ್ಡಮ್ಮ, ಓದದೆ ಸಹಿ ಮಾಡಬಾರದು."

ಯಾಕೆ ಹೇಳಿದೆನೋ! ಆದರೆ ಯಾವುದನ್ನೂ ಪ್ರಶ್ನಿಸದೆ ಒಪ್ಪುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಅವರು ಒಪ್ಪುತ್ತಿರುವುದು ನನ್ನನ್ನೇ ಆದರೂ. ದೊಡ್ಡಮ್ಮ ಪೆನ್ನು ಎತ್ತಿದರು. ಸಣ್ಣಕ್ಷರ ಕಾಣಲ್ಲ, ಏನು ಬರೆದೈತೆ ನೀನೇ ಹೇಳು ಅಂದರು. ನಾನು ಎದ್ದು ನಿಂತೆ. ಕೂತು ವಾದಿಸುವುದು ನನಗೆ ಬರುವುದಿಲ್ಲ.

ಮೊದಲು ನಿಯಮ ವಿವರಿಸಿದೆ. ಮಧ್ಯೆ ಮಾತಾಡಬಾರದು, ತೀರ್ಪು ಕೊಟ್ಟ ಮೇಲೆ ಯಾರೂ, ಅಂದರೆ ಭಾಷಣಕಾರರೂ, ತುಟಿ ಬಿಚ್ಚುವಂತಿಲ್ಲ. ದೊಡ್ಡಮ್ಮ ತಲೆಯಾಡಿಸಿ ಮತ್ತೆ ಬೇಳೆಗೆ ಕೈ ಹಾಕಿದರು. ನಮಗೆ ಚರ್ಚೆ ಕಲಿಸಿದ ಮೇಷ್ಟ್ರು ಒಂದು ಸೂತ್ರ ಹೇಳಿಕೊಟ್ಟಿದ್ದಾರೆ: ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ಆಕ್ಷೇಪವನ್ನು ನೀನೇ ಹೇಳು, ನೀನೇ ಮುರಿ. ಅದರಂತೆ, ಕಾರ್ಡ್ ಕೈಗೆ ಬಂದರೆ ಹುಡುಗಿ ದುಂದು ಮಾಡುವುದಿಲ್ಲವೇ ಎಂದು ನೀವು ಕೇಳಬಹುದು ಅಂದೆ. ನಾನು ಕೇಳಲಿಲ್ಲವಲ್ಲ ಅಂದರು ದೊಡ್ಡಮ್ಮ. ನೀವು ಕೇಳಿಲ್ಲ, ಆದರೆ ಬುದ್ಧಿ ಇದ್ದವರು ಕೇಳುತ್ತಾರೆ ಅಂದೆ.

ದೊಡ್ಡಮ್ಮನ ಕೈ ಬೇಳೆಯಲ್ಲಿ ನಿಂತಿತು.

"ಹೌದಾ? ಹಂಗಾರೆ ಕೇಳ್ತೀನಿ, ಹೇಳು."

ಇಷ್ಟರಲ್ಲಿ ಪಕ್ಕದ ಮನೆಯ ಗಿರಿಜಕ್ಕ ಕಾಫಿಪುಡಿ ಕೇಳಲು ಬಟ್ಟಲು ಹಿಡಿದುಕೊಂಡು ಬಂದವರು, ನಾನು ನಿಂತ ಭಂಗಿ ನೋಡಿ ಬಾಗಿಲಿನಲ್ಲೇ ಕೂತುಬಿಟ್ಟರು. ತೀರ್ಪುಗಾರರಾಗಿ ದೊಡ್ಡಮ್ಮ ಇದ್ದರು, ಈಗ ಸಭಿಕರೂ ಬಂದರು. ಸಭಿಕರನ್ನು ಕಂಡರೆ ನನ್ನ ದನಿ ತಾನಾಗಿಯೇ ಎರಡು ಮೆಟ್ಟಿಲು ಮೇಲೇರುತ್ತದೆ. ವಿಷಯ ತಿಳಿದ ಗಿರಿಜಕ್ಕ, ಕಾಲೇಜು ಓದುತ್ತಿರುವ ತಮ್ಮ ತಂಗಿ ಮಗ ಪ್ರಸನ್ನನ ಹತ್ತಿರ ನಾಲ್ಕು ಕಾರ್ಡಿವೆ ಎಂದು ಹೆಮ್ಮೆಯಿಂದ ಹೇಳಿದರು.

ನಾಲ್ಕನ್ನು ನಾನು ಮೂರು ವಾಕ್ಯದಲ್ಲಿ ಉರುಳಿಸಿದೆ. ಅಸೈನ್‌ಮೆಂಟ್ ಕೊಡುವ ಒಂದು ತಾರೀಖು ನೆನಪಿಡಲಾಗದವರು ನಾಲ್ಕು ಬಿಲ್ಲಿನ ತಾರೀಖು ನೆನಪಿಡುತ್ತಾರೆಯೇ? ಗಿರಿಜಕ್ಕ ಗಲ್ಲಕ್ಕೆ ಕೈ ಹಚ್ಚಿದರು. ಆ ಉತ್ಸಾಹದಲ್ಲಿ ಮೂರನ್ನು ಉರುಳಿಸಿದೆ. ವೀಣಾಳ ಶನಿವಾರದ ಕಷ್ಟಕಾಲ ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಎರಡಂತೂ ನಿಲ್ಲಲೇ ಇಲ್ಲ: ಒಂದರ ಸಾಲವನ್ನು ಇನ್ನೊಂದರಿಂದ ತೀರಿಸುವುದೆಂದರೆ, ಎಡಗಾಲಿನ ಮುಳ್ಳನ್ನು ತೆಗೆದು ಬಲಗಾಲಿಗೆ ಚುಚ್ಚಿಕೊಂಡ ಹಾಗೆ ಅಂದೆ. ಗಿರಿಜಕ್ಕ ಚಪ್ಪಾಳೆ ತಟ್ಟಿದರು.

ಇಲ್ಲಿ ನಿಲ್ಲಿಸಬೇಕಿತ್ತು. ಒಂದು ಉಳಿದಿತ್ತು, ನನಗೆ ಬೇಕಾಗಿದ್ದೂ ಒಂದೇ. ಆದರೆ ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿಗೆ ನಮ್ಮ ಮನೆ ಯಾವುದು ಎಂದು ಗೊತ್ತಿರುವುದಿಲ್ಲ. ಗಿರಿಜಕ್ಕ ಉಸಿರು ಬಿಗಿಹಿಡಿದು, "ಮತ್ತೆ ಒಂದು?" ಅಂದರು.

"ಒಂದೇ? ತನ್ನದೇ ದುಡ್ಡನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು, ಅದರ ಮೇಲೆ ತಾನೇ ಸಾಲ ತಗೊಂಡು, ಮರೆತು, ತಾನೇ ಬಡ್ಡಿ ಕಟ್ಟೋದಕ್ಕೆ ಒಂದು ಕಾರ್ಡ್ ಯಾಕೆ ಬೇಕು? ದುಡಿಮೆ ಇಲ್ಲದವರ ಕಾರ್ಡಿನ ಮೇಲೆ ಹೆಸರು ಮಗಳದು, ಬೆವರು ಅಪ್ಪಂದು! ಕೈ ಹಿಡಿತದಲ್ಲಿ ಇಲ್ಲದವರಿಗೆ ಒಂದು ಕಾರ್ಡೂ ಹೆಚ್ಚು!"

ಟಿಪ್ಪಣಿಯಲ್ಲಿ ಇದು ನಾನು ಮುರಿಯಬೇಕಿದ್ದ ಎದುರಾಳಿಯ ಆಕ್ಷೇಪ, ಹನ್ನೊಂದನೆಯ ಅಂಶ. ಅದಕ್ಕೆ ಉತ್ತರ ಪುಟದ ಹಿಂಬದಿಯಲ್ಲಿತ್ತು. ಪುಟ ತಿರುಗಿಸುವಷ್ಟರಲ್ಲಿ ಗಿರಿಜಕ್ಕನ ಕಣ್ಣಲ್ಲಿ ನೀರು. ಬಟ್ಟಲು ಬಡಿದು ಶಭಾಷ್ ಅನ್ನುತ್ತಿದ್ದರು. ದೊಡ್ಡಮ್ಮ ಫಾರಂ ಮಡಚಿ ಉಪ್ಪಿನಕಾಯಿ ಜಾಡಿಯ ಕೆಳಗೆ ಇಟ್ಟರು.

"ಖರೇ ಮಾತು ಹೇಳ್ದೆ ಪುಟ್ಟಿ. ಬ್ಯಾಡ ಹಂಗಾರೆ."

ಉಳಿದ ಅರ್ಧ ಭಾಷಣ ಇನ್ನೂ ಇದೆ ಎಂದೆ. ತೀರ್ಪಾದ ಮೇಲೆ ಯಾರೂ ತುಟಿ ಬಿಚ್ಚಂಗಿಲ್ಲ ಎಂದು ನೀನೇ ಹೇಳಿದ್ದಲ್ಲ ಅಂದರು. ನಿಯಮ ನಿಯಮವೇ. ನಾನು ಕೂತೆ. ಬಹುಮಾನವಾಗಿ ಎರಡು ಶೇಂಗಾ ಹೋಳಿಗೆ ಬಂದವು.

ಆಗಲೇ ಅಪ್ಪಾಜಿಯ ಫೋನು. ನಾನು ಸತ್ಯವಂತೆ, ಆದದ್ದನ್ನು ಆದ ಹಾಗೆಯೇ ಹೇಳಿದೆ.

"ಅಪ್ಪಾಜಿ, ನಾನು ಗೆದ್ದೆ."

ಆ ಕಡೆ ಅಪ್ಪಾಜಿ ಒಂದು ಪಾತ್ರೆಯನ್ನು ಠಣ್ಣನೆ ಕೆಳಗಿಟ್ಟರು.

"ಸಹಿ ಆಗ್ಲಿಲ್ಲ ಅನ್ನು."

ಹೊರಡುವಾಗ ದೊಡ್ಡಮ್ಮನಿಗೆ ಕನಿಕರ ಬಂದಿರಬೇಕು. ಮುಂದಿನ ಭಾನುವಾರ ಬಾ, ಒಂದು ತಾಸು ನನ್ನ ಪಕ್ಕ ಬಾಯಿ ಮುಚ್ಚಿಕೊಂಡು ಬೇಳೆ ಆರಿಸು, ಸಹಿ ಹಾಕುತ್ತೇನೆ ಅಂದರು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಿದೆ.

"ಬಾಯಿ ಹಿಡಿಯಾಕೆ ಬಂದ್ರೆ ಕೈ ಹಿಡಿಯಾಕೂ ಬರುತ್ತೆ. ಕಾರ್ಡು ನಿನ್ ಕೈಯಾಗೆ ಇರಬೌದು."

ಈ ವಾದದಲ್ಲಿ ದೋಷ ಹುಡುಕುತ್ತ ದಾವಣಗೆರೆಯವರೆಗೆ ಬಂದೆ. ಸಿಗಲಿಲ್ಲ.

ವಾರವಿಡೀ ಅಭ್ಯಾಸ ಮಾಡಿದೆ. ಕ್ಲಾಸಿನಲ್ಲಿ ಪ್ರಾಧ್ಯಾಪಕರು ತಪ್ಪು ಹೇಳಿದರೂ ನಾಲಿಗೆ ಕಚ್ಚಿಕೊಂಡೆ. ಹುಷಾರಿಲ್ಲವೇ ಎಂದು ವಿಚಾರಿಸಿದರು. ಭಾನುವಾರ ಸರಿಯಾಗಿ ಹತ್ತು ಗಂಟೆಗೆ ಮೊರದ ಮುಂದೆ ಕೂತೆ. ಗಿರಿಜಕ್ಕನೂ ಬಂದರು. ಅವರ ಮನೆಯಲ್ಲಿ ಕಾಫಿಪುಡಿ ನಿಲ್ಲುವುದೇ ಇಲ್ಲ.

ಹತ್ತನೆಯ ನಿಮಿಷಕ್ಕೆ ಗಿರಿಜಕ್ಕ, ದಾವಣಗೆರೆ ಬೆಣ್ಣೆದೋಸೆಗಿಂತ ನಮ್ಮ ಹರಿಹರದ್ದೇ ಮೇಲು ಅಂದರು. ನಾನು ಒಂದು ಕಲ್ಲು ತೆಗೆದೆ. ಇಪ್ಪತ್ತನೆಯ ನಿಮಿಷಕ್ಕೆ, ಎಂ.ಕಾಂ. ಅಂದರೆ ಬಿ.ಕಾಂ.ನಲ್ಲಿ ಫೇಲಾದವರು ಎರಡನೇ ಸಲ ಓದುವುದು ಅಂದರು. ನಾಲ್ಕು ಕಲ್ಲು ತೆಗೆದೆ. ಅದರಲ್ಲಿ ಮೂರು ಬೇಳೆ. ನಲವತ್ತನೆಯದಕ್ಕೆ, ವಾದ ಮಾಡುವ ಹುಡುಗಿಗೆ ಗಂಡು ಸಿಗುವುದು ತಡ ಅಂದರು. ಬೆವರು ಬಂತು, ಮಾತು ಬರಲಿಲ್ಲ. ನನ್ನ ಜೀವನದ ಹದಿನೇಳೂ ಗೆಲುವು ಈ ಮೌನದ ಮುಂದೆ ಏನೂ ಅಲ್ಲ ಎನಿಸಿತು. ಹದಿನೆಂಟನೆಯದಕ್ಕೆ ಶೋಕೇಸಿನಲ್ಲಿ ಜಾಗ ಮಾಡಬೇಕು ಎಂದುಕೊಂಡೆ. ಕಪ್ಪಿನ ಜಾಗದಲ್ಲಿ ಕಾರ್ಡ್ ಇಡಬೇಕು, ಹೆಸರು ಹೊರಗೆ ಕಾಣುವ ಹಾಗೆ.

ಐವತ್ತೇಳನೆಯ ನಿಮಿಷ. ದೊಡ್ಡಮ್ಮ ನನ್ನ ಮುಖ ನೋಡಿ ಕರಗಿದರು. ಸಾಕು, ಪಾಪ, ಬಾಡಿಹೋಗೈತೆ ಎನ್ನುತ್ತ ಜಾಡಿ ಎತ್ತಿ ಫಾರಂ ತೆಗೆದರು. ಗೆರೆಯ ಮೇಲೆ ನಿಧಾನವಾಗಿ ಬರೆಯತೊಡಗಿದರು. 'ಗೌ' ಆಯಿತು. 'ರ' ಆಯಿತು. ಗೌರಮ್ಮ ಎಂಬ ಹೆಸರಿನಲ್ಲಿ ಇನ್ನು ಉಳಿದದ್ದು ಒಂದೇ ಅಕ್ಷರ, ಅದಕ್ಕೊಂದು ಒತ್ತು.

ಗಿರಿಜಕ್ಕ ಬಟ್ಟಲು ಎತ್ತಿಕೊಂಡು ಏಳುತ್ತ ಅಂದರು:

"ಇದಕ್ಕೆ ಇಷ್ಟು ಯಾಕ ಬೇಕಿತ್ತು ಅಕ್ಕಾ? ಕ್ರೆಡಿಟ್ ಕಾರ್ಡು, ಎಟಿಎಂ ಕಾರ್ಡು ಎಲ್ಲಾ ಒಂದೇ. ಇಕಿ ಹತ್ರ ಎಟಿಎಂ ಕಾರ್ಡು ಐತಲ್ಲ."

ದೋಸೆಯನ್ನು ಬಿಟ್ಟುಕೊಟ್ಟಿದ್ದೆ. ಪದವಿಯನ್ನು ಬಿಟ್ಟುಕೊಟ್ಟಿದ್ದೆ. ಗಂಡನ್ನೂ ಬಿಟ್ಟುಕೊಟ್ಟಿದ್ದೆ. ಆದರೆ ಇದು ತಪ್ಪು ಮಾಹಿತಿ!

"ಮೊದಲನೆಯದಾಗಿ," ಅಂದೆ.

ಆಮೇಲೆ ನಡೆದದ್ದು ನನ್ನ ಜೀವನದ ಶ್ರೇಷ್ಠ ಭಾಷಣ. ಒಂದು ನಮ್ಮ ಖಾತೆಯ ದುಡ್ಡು, ಇನ್ನೊಂದು ಬ್ಯಾಂಕಿನ ದುಡ್ಡು. ಒಂದರಲ್ಲಿ ಇದ್ದರೆ ಮಾತ್ರ ಬರುತ್ತದೆ, ಇನ್ನೊಂದರಲ್ಲಿ ಇಲ್ಲದಿದ್ದರೂ ಬಂದು ಆಮೇಲೆ ಕಾಡುತ್ತದೆ. ಉದಾಹರಣೆಗೆ ಬೇಳೆಯನ್ನೂ ಕಲ್ಲನ್ನೂ ಬಳಸಿದೆ. ಪ್ರಸನ್ನನ ನಾಲ್ಕೂ ಕಾರ್ಡುಗಳ ಭವಿಷ್ಯ ಹೇಳಿದೆ. ಗಿರಿಜಕ್ಕ ಅಲ್ಲಿಂದಲೇ ಅವನಿಗೆ ಫೋನು ಹಚ್ಚಿ, ಇವತ್ತೇ ಮೂರನ್ನು ಬಂದ್ ಮಾಡಿಸು ಅಂದರು. ಅವನು ಮಾಡಿಸಿದನಂತೆ. ಅವನ ಹತ್ತಿರ ಈಗ ಒಂದೇ ಕಾರ್ಡಿದೆ. ಒಬ್ಬ ವಿದ್ಯಾರ್ಥಿಯ ಬಳಿ ಎಷ್ಟಿರಬೇಕೋ ಅಷ್ಟು.

ಭಾಷಣ ಮುಗಿಸಿ ತಿರುಗಿ ನೋಡಿದರೆ, ದೊಡ್ಡಮ್ಮ ಪೆನ್ನಿಗೆ ಮುಚ್ಚಳ ಹಾಕಿ ಗಡಿಯಾರ ನೋಡುತ್ತಿದ್ದರು.

'ಗೌರ' ಎಂದು ಬರೆದ ಆ ಫಾರಂ ಈಗ ಶೋಕೇಸಿನಲ್ಲಿ ಹದಿನೇಳು ಕಪ್ಪುಗಳ ಮಧ್ಯೆ ಇದೆ, ಒಂದು ಮೂಲೆಗೆ ಉಪ್ಪಿನಕಾಯಿ ಎಣ್ಣೆಯ ಕಲೆ. ಬಂದವರಿಗೆಲ್ಲ ಅಪ್ಪಾಜಿ ಅದನ್ನೇ ಮೊದಲು ತೋರಿಸುತ್ತಾರೆ. ಏನೇ ಇರಲಿ, ಆ ದಿನದ ನನ್ನ ವಾದಕ್ಕೆ ಗಿರಿಜಕ್ಕನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ನನ್ನ ಹತ್ತಿರ ಕಾರ್ಡಿಲ್ಲ.