ಎರಡು ಬೀಗದ ಕೋಣೆಯ ಒಳಗಿನಿಂದ

ಇಂದ:
ಇಲಾಖೆಯ ಕಡೆಯ ಉಸ್ತುವಾರಿ ಗುಮಾಸ್ತೆ,
ಜಂಟಿ ಉಗ್ರಾಣ (ಒಳಭಾಗ).

ಗೆ:
ನಿರ್ದೇಶಕರು, ಶಿಕ್ಷಣ ಇಲಾಖೆ (ಉಗ್ರಾಣದ ಎಡಗೋಡೆಯ ಆಚೆ), ಹಾಗೂ
ಕಾರ್ಯದರ್ಶಿಗಳು, ಪರೀಕ್ಷಾ ಮಂಡಳಿ (ಬಲಗೋಡೆಯ ಆಚೆ).

ವಿಷಯ: ಹೊರಗಿನಿಂದ ಬೀಗ ಬಿದ್ದಿರುವ ಉಗ್ರಾಣವನ್ನು ತೆರೆಸಿಕೊಡುವ, ಹಾಗೂ ಅದಕ್ಕೆ ಮೊದಲು ಒಂದು ಸಂಬಂಧವನ್ನು ಮಾನ್ಯ ಮಾಡುವ ಬಗ್ಗೆ.

ಉಲ್ಲೇಖ: 1. ಮಂಡಳಿಯು ನಾಳೆಯಿಂದ ತನ್ನ ಸ್ವಂತ ಕಟ್ಟಡಕ್ಕೆ ಹೋಗತಕ್ಕದ್ದೆಂಬ ಆದೇಶ.
2. ಬೀಗದ ಸುತ್ತೋಲೆ.
3. ಅಕ್ಕ ಬಾಗಿಲಾಚೆಯಿಂದ ಕೂಗಿದ ಮಾತು.

ಮಾನ್ಯರೇ, ಮತ್ತು ಆಚೆ ಗೋಡೆಯ ಮಾನ್ಯರೇ,

ತಮ್ಮಿಬ್ಬರಲ್ಲಿ ಯಾರನ್ನು ಮೊದಲು ಸಂಬೋಧಿಸಿದರೂ ಇನ್ನೊಬ್ಬರು ಅರ್ಜಿಯನ್ನು ವಾಪಸು ಕಳಿಸುವುದು ವಾಡಿಕೆಯಾದ್ದರಿಂದ, ಮೇಲಿನದನ್ನು ಒಂದೇ ಉಸಿರಿನಲ್ಲಿ ಓದಿಕೊಳ್ಳಬೇಕಾಗಿ ಪ್ರಾರ್ಥನೆ. ಈ ಕಾಗದ ಮಂಡಳಿಯ ಉತ್ತರಪತ್ರಿಕೆಯದು, ಶಾಯಿ ಇಲಾಖೆಯದು. ಆಕ್ಷೇಪಣೆ ಬಂದಲ್ಲಿ ಹೊರಗೆ ಬಂದ ಮೇಲೆ ಉತ್ತರಿಸಲಾಗುವುದು.

1. ಸದರಿ ಅರ್ಜಿದಾರಳು ಇಲಾಖೆಯವಳು. ಅವಳೊಂದಿಗೆ ಒಳಗಿರುವವರು ಮಂಡಳಿಯ ಕಡೆಯ ಉಸ್ತುವಾರಿ; ಕಂಡದ್ದಕ್ಕೆಲ್ಲ ಅರಗು ಹಚ್ಚಿ ಮುದ್ರೆ ಒತ್ತುವ ಕಾರಣ ಎರಡೂ ಕಚೇರಿಗಳಲ್ಲಿ ಅವರು ಮುದ್ರೆ ಸಾಹೇಬರೆಂದೇ ಪ್ರಸಿದ್ಧರು. ಒಳ್ಳೆಯವರು. ಮಾತು ಕಡಿಮೆ.

2. ಇಲಾಖೆ ನಡೆಯುವುದು ಸರ್ಕಾರದ ಅನುದಾನದಿಂದ, ಮಂಡಳಿ ನಡೆಯುವುದು ಮಕ್ಕಳು ಕಟ್ಟುವ ಪರೀಕ್ಷಾ ಶುಲ್ಕದಿಂದ. ಕಾರಣ, ಇಲಾಖೆಗೆ ಅಧಿಕಾರವಿದೆ, ಹಣವಿಲ್ಲ. ಮಂಡಳಿಗೆ ಹಣವಿದೆ, ಅಧಿಕಾರವಿಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಇಂಥ ಇಬ್ಬರ ಸಾಮಾನು ಒಂದೇ ಕೋಣೆಯಲ್ಲಿರುವುದರಿಂದ ಬಾಗಿಲಿಗೆ ಎರಡು ಬೀಗ. ಒಬ್ಬ ಉಸ್ತುವಾರಿಯನ್ನು ಬಿಟ್ಟು ಇನ್ನೊಬ್ಬರು ಒಳಗೆ ಕಾಲಿಡುವಂತಿಲ್ಲ. ಈ ನಿಯಮ ಬರೆದ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

3. ಪರೀಕ್ಷೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕೋಣೆ ತೆರೆದರೆ ಸಾಕು. ಆದರೆ ಕಳೆದ ವರ್ಷ ಮುದ್ರೆ ಸಾಹೇಬರು "ಮೇಡಂ, ಒಳಗೇನೋ ಸದ್ದಾಯ್ತು, ಇಲಿ ಇರಬೇಕು" ಎಂದು ವರದಿ ಮಾಡಿದ ಕಾರಣ ವಾರಕ್ಕೊಮ್ಮೆ ಜಂಟಿ ಇಲಿ ತಪಾಸಣೆ ಜಾರಿಗೆ ಬಂತು. ಬೋನು ಮಂಡಳಿಯದು, ಬೋನಿನೊಳಗಿನ ಬಿಸ್ಕತ್ತು ಇಲಾಖೆಯದು. ಈವರೆಗೆ ಇಲಿ ಬಿದ್ದಿರುವುದಿಲ್ಲ. ಬಿಸ್ಕತ್ತನ್ನು ಉಸ್ತುವಾರಿಗಳೇ ಹಂಚಿಕೊಂಡು ತಿಂದಿರುತ್ತಾರೆ. ವಾರದ ಮಿಕ್ಕ ದಿನಗಳೆಲ್ಲ ಅರ್ಜಿದಾರಳಿಗೆ ಸಪ್ಪೆ ಎನಿಸತೊಡಗಿದ್ದನ್ನೂ ಮುಚ್ಚುಮರೆಯಿಲ್ಲದೆ ನಿವೇದಿಸಿದೆ.

4. ಹೀಗಿರುವಲ್ಲಿ ಉಲ್ಲೇಖ 1ರ ಆದೇಶ ಬಂದು ಎದೆಗೆ ಒದ್ದಂತಾಯಿತು. ನಾಳೆಯಿಂದ ಮಂಡಳಿ ಊರಿನ ಆ ತುದಿ, ಇಲಾಖೆ ಈ ತುದಿ. ಮತ್ತೆ ಭೇಟಿಗೆ ಯಾವ ನಿಯಮದಲ್ಲೂ ಅವಕಾಶವಿಲ್ಲ. ಸಾಮಾನು ಪಾಲು ಮಾಡಲು ಇಬ್ಬರೂ ಇಂದು ಬೆಳಿಗ್ಗೆ ಒಳಗೆ ಬಂದರು. ದಾರದ ಉಂಡೆ, ಅರಗಿನ ಡಬ್ಬಿ, ಕಾಲು ಮುರಿದ ಸ್ಟೂಲು, ಎಲ್ಲಕ್ಕೂ ಒಡೆಯರು ಸಿಕ್ಕರು. ಮುದ್ರೆ ಸಾಹೇಬರು ಸ್ಟೂಲಿಗೂ ಒಂದು ಮುದ್ರೆ ಒತ್ತಿ, "ಇನ್ನೇನು ಉಳೀತು ಮೇಡಂ?" ಎಂದರು. "ನೀವೇ ಹೇಳಿ" ಎಂದಳು ಅರ್ಜಿದಾರಳು. ಅವರು ತಲೆಯೆತ್ತಿ ಮೇಲೆ ನೋಡಿ, "ಫ್ಯಾನು. ಅದು ಇಲಾಖೆದು" ಎಂದರು. ಇಂಥವರನ್ನು ಕಟ್ಟಿಕೊಂಡು ಏನು ಮಾಡುವುದು!

5. ಅಷ್ಟರಲ್ಲಿ ಕಾವಲುಗಾರರು ಹೊರಗಿನಿಂದ ಎರಡೂ ಬೀಗ ಜಡಿದು, ಕೀಲಿಕೈಗಳನ್ನು ಆಯಾ ಕಚೇರಿಗೆ ಒಪ್ಪಿಸಿಬಿಟ್ಟರು. ಉಲ್ಲೇಖ 2ರಂತೆ ಕೀಲಿಕೈಯನ್ನು ಉಸ್ತುವಾರಿಯವರೇ ಖುದ್ದು ಬಂದು ಸಹಿ ಮಾಡಿ ಪಡೆಯತಕ್ಕದ್ದು. ಒಳಗಿರುವ ಕಾರಣ ಅವರು ಬರಲಾರರು. ಬರಲಾರದ ಕಾರಣ ಕೀಲಿಕೈ ಸಿಗದು. ಕೀಲಿಕೈ ಸಿಗದ ಕಾರಣ ಒಳಗೇ ಇರತಕ್ಕದ್ದು. ಬಾಗಿಲು ಒಡೆಯೋಣವೆಂದರೆ ಅದು ಅನುದಾನದ್ದೆಂದು ಇಲಾಖೆ ತಡೆಯಿತು. ಬೀಗ ಒಡೆಯೋಣವೆಂದರೆ ಅವು ಶುಲ್ಕದವೆಂದು ಮಂಡಳಿ ತಡೆಯಿತು.

6. ಆದಾಗ್ಯೂ, ಉಸ್ತುವಾರಿಯವರು ಬರಲಾಗದಿದ್ದಲ್ಲಿ ಅವರ ಕುಟುಂಬದವರು ಸಹಿ ಮಾಡಬಹುದೆಂದು ಅದೇ ಸುತ್ತೋಲೆಯ ಕೊನೆಯ ಸಾಲು ಹೇಳುತ್ತದೆ. ಅರ್ಜಿದಾರಳ ಅಕ್ಕ ವೃತ್ತಿಯಿಂದ ದರ್ಜಿ. ಯಾರೂ ಕರೆಯದೆ ಬೆಳಿಗ್ಗೆಯೇ ಅಂಗಡಿ ಮುಚ್ಚಿ ಬಂದು ವರಾಂಡದಲ್ಲಿ ಕುಳಿತಿದ್ದಳು. "ನಿನ್ನ ಕೀಲಿಕೈ ಸಿಕ್ತು ಕಣೇ! ಅವರದ್ದು ಮಾತ್ರ ಕೊಡಲ್ವಂತೆ. ನೀವು ಅವರಿಗೇನಾಗ್ಬೇಕು ಅಂತ ಕೇಳ್ತಿದಾರೆ. ಏನು ಹೇಳ್ಲಿ, ಬೇಗ ಹೇಳು!" ಎಂದು ಅವಳು ಕೂಗಿದ್ದೇ ಉಲ್ಲೇಖ 3. ಮುದ್ರೆ ಸಾಹೇಬರಿಗೆ ತಮ್ಮವರೆಂದು ಇರುವವರು ತಾಯಿಯೊಬ್ಬರೇ, ಅವರೂ ದೂರದ ಊರಿನಲ್ಲಿದ್ದಾರೆ.

7. ಕಾರಣ, ಅರ್ಜಿದಾರಳು ಲಜ್ಜೆಯನ್ನು ತಾತ್ಕಾಲಿಕವಾಗಿ ಅಮಾನತ್ತಿನಲ್ಲಿಟ್ಟು, "ನನ್ನನ್ನ ಮದುವೆ ಆಗ್ತೀರಾ?" ಎಂದು ಮೌಖಿಕವಾಗಿ ವಿಚಾರಿಸಿದಳು. ಮುದ್ರೆ ಸಾಹೇಬರ ಕೈಯಲ್ಲಿದ್ದ ಮುದ್ರೆ ಕೆಳಗೆ ಬಿತ್ತು.

"ಬಾಗಿಲು ತೆಗೆಸೋಕೆ ಅಂತ ಯಾರಾದ್ರೂ ಮದುವೆ ಆಗ್ತಾರಾ ಮೇಡಂ?"

"ಇಲ್ಲ. ಮದುವೆ ಆಗೋಕೆ ಅಂತಾನೇ ಬಾಗಿಲು ಹಾಕ್ಸಿದ್ದು."

8. ಅವರು ಎಡಗೋಡೆ ನೋಡಿದರು, ಬಲಗೋಡೆ ನೋಡಿದರು. ಮಂಡಳಿಯಲ್ಲಿ ಸೂಜಿ ಕೊಳ್ಳಬೇಕಾದರೂ ಸದಸ್ಯರ ಸಭೆ ಕರೆಯಬೇಕೆಂಬುದು ಅರ್ಜಿದಾರಳಿಗೆ ಗೊತ್ತಿಲ್ಲದ್ದಲ್ಲ. ಕೊನೆಗೆ ಅವರು ಬಿದ್ದ ಮುದ್ರೆಯನ್ನು ಎತ್ತಿಕೊಂಡು ಹೇಳಿದ್ದನ್ನು ಯಥಾವತ್ತಾಗಿ ಕೊಟ್ಟಿದೆ: "ತುಂಬಾ ಅರ್ಜೆಂಟ್ ಇದ್ರೆ ಮೊದಲು ಒಪ್ಕೊಂಡು, ಸಭೆಗೆ ಆಮೇಲೆ ತಿಳಿಸಬಹುದು ಮೇಡಂ, ಅದಕ್ಕೆ ನಮ್ಮಲ್ಲಿ ಅವಕಾಶ ಇದೆ. ಅಮ್ಮನಿಗೆ ಆಮೇಲೆ ಹೇಳ್ತೀನಿ. ನಾನು ಒಪ್ಪಿದೀನಿ." ಹೊರಗೆ ಅಕ್ಕ ಬಾಗಿಲನ್ನು ದಬದಬ ಬಡಿದು ಕುಣಿದ ಸದ್ದು ತಮಗೂ ಕೇಳಿಸಿರಬಹುದು. ಒಳಗೂ ಹೆಚ್ಚುಕಡಿಮೆ ಅದೇ ಪರಿಸ್ಥಿತಿಯಿತ್ತು.

ಆದ್ದರಿಂದ, ಬಾಗಿಲಾಚೆ ಇರುವ ದರ್ಜಿಯನ್ನು ಮಂಡಳಿಯ ಉಸ್ತುವಾರಿಯ ಭಾವೀ ಅತ್ತಿಗೆಯೆಂದು ಮಾನ್ಯ ಮಾಡಿ ಎರಡನೆಯ ಕೀಲಿಕೈಯನ್ನೂ ಅವಳ ಸಹಿಗೆ ಕೊಡಬೇಕಾಗಿಯೂ, ಕಾವಲುಗಾರರು ಅರ್ಜಿದಾರಳ ಕಣ್ಸನ್ನೆಯಂತೆ ನಡೆದದ್ದರಿಂದ, ಒಳಗೆ ಜನರಿರುವಾಗ ಬೀಗ ಜಡಿದರೆಂದು ಅವರಿಗೆ ಕೊಟ್ಟ ನೋಟಿಸನ್ನು ಹಿಂಪಡೆಯಬೇಕಾಗಿಯೂ ಕೋರಿದೆ.

ಬಾಗಿಲ ಸಂದಿಯಿಂದ ಕೈಮುಗಿಯುತ್ತಾ,
ತಮ್ಮಿಬ್ಬರ ವಿಶ್ವಾಸಿ,
(ಸಹಿ)

ಅಡಕಗಳು:
1. ಇಲಿ ತಪಾಸಣಾ ವರದಿಗಳು (ಇಲಿರಹಿತ).
2. ಮುದ್ರೆ ಸಾಹೇಬರ ಲಿಖಿತ ಒಪ್ಪಿಗೆ. ಸಂತೋಷ ಹೆಚ್ಚಾದ ಕಾರಣ ಮುದ್ರೆ ಮೂರು ಕಡೆ ಬಿದ್ದಿದೆ, ಮೂರೂ ಅಸಲಿ.

ವಿ.ಸೂ.: ಕೀಲಿಕೈ ಮಂಜೂರಾದ ಮೇಲೂ ಬಾಗಿಲನ್ನು ಅರ್ಧ ಗಂಟೆ ತಡವಾಗಿ ತೆರೆಯಬೇಕಾಗಿ ವಿಶೇಷ ವಿನಂತಿ. ಇಷ್ಟು ವರ್ಷ ಎರಡೂ ಕಚೇರಿಗಳು ಯಾವ ಕೆಲಸವನ್ನೂ ಸಕಾಲಕ್ಕೆ ಮಾಡಿರುವುದಿಲ್ಲವಾದ್ದರಿಂದ, ಇದು ತಮಗೆ ಹೊರೆಯಾಗಲಾರದೆಂದು ಅರ್ಜಿದಾರಳು ನಂಬಿರುತ್ತಾಳೆ.