ಹರಿಹರದ ಮೇಲಿಂದ ಸಿಂಹಳಕ್ಕೆ

ಮೂಗು ಮುರಿಯುವುದರಲ್ಲಿ ನನ್ನನ್ನು ಮೀರಿಸುವವರು ದಾವಣಗೆರೆಯಲ್ಲಿ ಯಾರೂ ಇಲ್ಲವೆಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಅದನ್ನು ಹೊಗಳಿಕೆಯಾಗಿ ಹೇಳುವುದಿಲ್ಲ. ನಾನು ಹಾಗೆ ತೆಗೆದುಕೊಳ್ಳುತ್ತೇನೆ. ಮದುವೆ ಮನೆಗೆ ಹೋದರೆ ಸಾರು ನೀರು, ನಾಟಕಕ್ಕೆ ಹೋದರೆ ರಾಜನ ಮೀಸೆ ಸಡಿಲ, ಹೊಸ ಹೋಟೆಲಿಗೆ ಹೋದರೆ ದೋಸೆಗೆ ಹಾಕಿದ್ದು ಬೆಣ್ಣೆಯೇ ಅಲ್ಲ. ಇದರಲ್ಲೊಂದು ಗುಟ್ಟಿದೆ, ನಿಮ್ಮಲ್ಲೇ ಇರಲಿ. ಮನುಷ್ಯ ತನಗೆ ಬೇಡವಾದದ್ದನ್ನು ಸುಮ್ಮನೆ ಬಿಟ್ಟುಬಿಡುತ್ತಾನೆ. ಮೂಗು ಮುರಿಯುವ ಶ್ರಮ ತೆಗೆದುಕೊಳ್ಳುವುದು ಬೇಕಾದದ್ದರ ಎದುರಿಗೆ ಮಾತ್ರ. ನಾನು ಮದುವೆ ಮನೆಯ ಸಾರನ್ನು ನೀರೆಂದು ಬೈಯುತ್ತ ಮೂರು ಸಲ ಬಡಿಸಿಕೊಂಡವನು.

ನಾನು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಹದಿನೆಂಟು ವರ್ಷಗಳಿಂದ ಬೆತ್ತದ ತುದಿಯಲ್ಲಿ ಜಗತ್ತಿನ ಸಮುದ್ರಗಳನ್ನೆಲ್ಲ ದಾಟಿದ್ದೇನೆ. ಕಾಲಿನಲ್ಲಿ ದಾಟಿದ್ದು ಹರಿಹರದ ಹೊಳೆಯೊಂದನ್ನೇ, ಅದೂ ಸೇತುವೆಯ ಮೇಲೆ. ಸಮುದ್ರವನ್ನು ನಾನು ಕಣ್ಣಾರೆ ಕಂಡವನಲ್ಲ. ಉಬ್ಬರ ಇಳಿತದ ಪಾಠ ಬಂದಾಗ ಬಚ್ಚಲುಮನೆಯ ಹಂಡೆಯ ನೀರನ್ನು ಉದಾಹರಣೆ ಕೊಟ್ಟು ಮುಗಿಸುತ್ತಿದ್ದೆ. ಕೊಟ್ರೇಶಿ ಎಂಬೊಬ್ಬ ಹುಡುಗ, ಮಂಡಿಪೇಟೆಯ ಹತ್ತಿ ವರ್ತಕರ ಮಗ, "ಸಾರ್, ಸಮುದ್ರದ ನೀರು ಹತ್ತಿರದಿಂದ ಯಾವ ಬಣ್ಣ ಇರ್ತೈತಿ?" ಎಂದು ಕೇಳಿದ್ದ. ನಕ್ಷೆಯಲ್ಲಿ ಕಾಣುವುದಿಲ್ಲವೇನೋ ಎಂದು ಗದರಿಸಿದ್ದೆ.

ಹೀಗಿರುವಾಗ ಒಂದು ಬೇಸಗೆ ರಜೆಯಲ್ಲಿ ನಮ್ಮ ಶಾಲೆಯ ಹತ್ತು ಸ್ಕೌಟ್ ಹುಡುಗರು ಸಿಂಹಳಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಧನುಷ್ಕೋಟಿಯಲ್ಲಿ ಹಡಗು ಹತ್ತಿ ಆಚೆ ದಡಕ್ಕೆ ಹೋಗುವುದು, ಬೆಟ್ಟದ ಬುಡದಲ್ಲಿ ಡೇರೆ ಹಾಕುವುದು, ತಾವೇ ಬೇಯಿಸಿಕೊಂಡು ತಿನ್ನುವುದು, ಕಾಡು ಸುತ್ತುವುದು. ಇದಕ್ಕೆ ಸಾಹಸ ಯಾತ್ರೆ ಎಂದು ಹೆಸರು. ಮುಂದಾಳು ನಮ್ಮ ಡ್ರಿಲ್ ಮಾಸ್ತರರಾದ ಖಾದರ್ ಸಾಹೇಬರು. ಅವರ ಜೊತೆಗೆ ಇನ್ನೊಬ್ಬ ಉಪಾಧ್ಯಾಯರು ಹೋಗಬೇಕಿತ್ತು. ಆ ಇನ್ನೊಬ್ಬ ನಾನೇ ಆಗಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಸುದ್ದಿ ಕೇಳಿದ ದಿನ ಊಟ ಸೇರಲಿಲ್ಲ. ಆದರೆ ಬಾಯಿಬಿಟ್ಟು ಕೇಳುವುದುಂಟೆ? ಭೂಗೋಳದವನನ್ನು ಬಿಟ್ಟು ಇನ್ಯಾರನ್ನು ಕಳಿಸಿಯಾರು? ಅವರಾಗಿಯೇ ಕೇಳಲಿ, ಅಲ್ಲಿಯವರೆಗೆ ಮೂಗು ಮುರಿಯುತ್ತಿರೋಣ ಎಂದು ಶುರು ಮಾಡಿದೆ.

ಉಪಾಧ್ಯಾಯರ ಕೋಣೆಯಲ್ಲಿ ಕೂತು ನಾನು ಸಿಂಹಳವನ್ನು ಎರಡು ತಿಂಗಳು ಬೈದೆ. ಅದೊಂದು ವಿದೇಶವೇ, ನಕ್ಷೆಯಲ್ಲಿ ನೋಡಿದರೆ ಹಿಂದೂಸ್ಥಾನದ ಮೂಗಿನಿಂದ ಉದುರಿದ ಬೆವರಹನಿ ಎಂದೆ. ನಡುವೆ ನೀರಿದ್ದದ್ದೆಲ್ಲ ವಿದೇಶವಾದರೆ ಹೊಳೆಯಾಚೆಯ ಊರೂ ವಿದೇಶವೇ ಎಂದೆ. ಹುಡುಗರನ್ನಂತೂ ಬಿಡಲೇ ಇಲ್ಲ. ಬಿಡುವಂಥವರೂ ಅವರಾಗಿರಲಿಲ್ಲ. ಮನೆಯಲ್ಲಿ ತಾಯಿ ಎಬ್ಬಿಸಿ ಕಾಫಿ ಕೈಗಿಡದಿದ್ದರೆ ಏಳದ ಮಕ್ಕಳು ಮೂರು ಕಲ್ಲಿನ ಮೇಲೆ ಅನ್ನ ಮಾಡುತ್ತಾರಂತೆ. ಗಂಟು ಹಾಕುವ ಅಭ್ಯಾಸಕ್ಕೆಂದು ಜವಾನನ ಸೈಕಲ್ಲನ್ನು ಧ್ವಜಸ್ತಂಭಕ್ಕೆ ಕಟ್ಟಿದರು. ಬಿಚ್ಚಲು ಬಾರದೆ ಕೊನೆಗೆ ಕುಡುಗೋಲು ತರಿಸಿ ಹಗ್ಗ ಕುಯ್ಯಬೇಕಾಯಿತು. ಬೆಟ್ಟ ಹತ್ತುವ ಅಭ್ಯಾಸಕ್ಕೆ ಊರಲ್ಲಿ ಬೆಟ್ಟವೆಲ್ಲಿದೆ? ಕೊಟ್ರೇಶಿಯ ಅಪ್ಪನ ಗೋದಾಮಿನಲ್ಲಿ ಪೇರಿಸಿಟ್ಟ ಹತ್ತಿಯ ಮೂಟೆಗಳನ್ನು ಹತ್ತಿ ಇಳಿದರು. ಬಿದ್ದರೂ ನೋವಾಗದ ಬೆಟ್ಟ ಅದೊಂದೇ. ಇದನ್ನೆಲ್ಲ ನಾನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ, ಪಕ್ಕದ ಕೋಣೆಯ ಗುಮಾಸ್ತರೂ ಬಂದು ಕೇಳಿ ನಕ್ಕು ಹೋಗುತ್ತಿದ್ದರು.

ಹೆಡ್‌ಮಾಸ್ತರೂ ಕೇಳಿಸಿಕೊಂಡಿದ್ದರು. ಒಂದು ದಿನ ಕರೆಸಿ, "ನಿಮಗೆ ಈ ಯಾತ್ರೆ ಮನಸ್ಸಿಗೆ ಬಂದಿಲ್ಲ ಅಂತ ಗೊತ್ತಾತು. ಬಲವಂತ ಯಾಕ? ಸಂಸ್ಕೃತದ ಪಂಡಿತರನ್ನ ಕಳಿಸೋಣ ಅಂತ ಮಾಡೀನಿ" ಎಂದರು. ಪಂಡಿತರು ಟಾಂಗಾ ಹತ್ತಿದರೂ ವಾಂತಿ ಮಾಡಿಕೊಳ್ಳುವವರು. ಅಲ್ಲೇ ನಿಂತಿದ್ದ ಖಾದರ್ ಸಾಹೇಬರು, "ಭೂಗೋಳದ ಮೇಷ್ಟ್ರನ್ನ ಬಿಟ್ಟು ನಾ ಹೋಗಂಗಿಲ್ಲ ಸಾರ್. ಅವ್ರು ಬ್ಯಾಡ ಅಂದ್ರೂ ಎಳಕೊಂಡು ಹೋಗ್ತೀನಿ. ದಿಕ್ಕು ಗೊತ್ತಿರೋರು ಒಬ್ರು ಬೇಕಲ್ರಿ" ಎಂದರು. ಇಷ್ಟು ಹೇಳಿದ ಮೇಲೆ ಇಲ್ಲ ಅನ್ನಲಿಕ್ಕಾಗುತ್ತದೆಯೇ ಎಂದು ಮುಖ ಸಿಂಡರಿಸಿಕೊಂಡು ಒಪ್ಪಿದೆ. ಮನೆಗೆ ಹೋಗಿ ಹೆಂಡತಿಗೆ, ಇದೊಂದು ತಲೆನೋವು ಗಂಟುಬಿತ್ತು ನೋಡು ಎಂದೆ. ಅವಳು ಆ ಸಂಜೆ ಬಾಗಿಲ ಸಂದಿಯಿಂದ ನೋಡಿದಾಗ ನಾನು ಖಾಕಿ ಚಡ್ಡಿ ಹಾಕಿಕೊಂಡು ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗುತ್ತಿದ್ದೆನಂತೆ.

ತೊಂದರೆ ಬಂದದ್ದು ಪಂಚಾಂಗದಿಂದ. ನಾವು ಹೊರಡುವುದು ಗುರುವಾರ. ಅವ್ವ ಕನ್ನಡಕ ಏರಿಸಿಕೊಂಡು, "ಗುರುವಾರ ತೆಂಕಣ ದಿಕ್ಕಿಗೆ ಶೂಲ ಐತಪ್ಪ. ಹೋಗಬ್ಯಾಡ" ಎಂದಳು.

"ರೈಲ್ವೆಯೋರು ಪಂಚಾಂಗ ನೋಡಿ ಗಾಡಿ ಬಿಡಲ್ಲ ಅವ್ವ."

"ಅವ್ರು ನೋಡದಿದ್ರೆ ಬ್ಯಾಡ, ನೀನು ನೋಡು. ಇಲ್ಲಾಂದ್ರೆ ಸೋಮವಾರ ಬೆಳಿಗ್ಗೆ ಚಲೋ ಹೊತ್ತೈತೆ, ಪರಸ್ತಾನ ಇಟ್ಟು ಬಾ."

ಪ್ರಸ್ಥಾನ ಇಡುವುದೆಂದರೆ ನಿಮ್ಮಲ್ಲಿ ಹಿರಿಯರಿದ್ದವರಿಗೆ ಗೊತ್ತು. ಹೊರಡುವ ದಿನ ಕೆಟ್ಟದ್ದಾಗಿದ್ದರೆ, ಒಳ್ಳೆಯ ಹೊತ್ತು ನೋಡಿ ಪ್ರಯಾಣಿಕನ ಒಂದು ವಸ್ತುವನ್ನು ಮುಂಚೆಯೇ ಬೇರೊಬ್ಬರ ಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಆಗಲೇ ಶುರುವಾಯಿತೆಂದು ಲೆಕ್ಕ. ಆಮೇಲೆ ಮನುಷ್ಯ ಯಾವ ಹಾಳು ಹೊತ್ತಿನಲ್ಲಿ ಹೋದರೂ ಆ ಶೂಲಕ್ಕೆ ಅವನು ಸಿಗುವುದಿಲ್ಲ. ಒಂದು ಪಂಚೆ ಇಟ್ಟರೆ ಸಾಕಾಗಿತ್ತು. ಅವ್ವ ಸಮುದ್ರ ದಾಟುವ ಪ್ರಯಾಣಕ್ಕೆ ಪಂಚೆ ಸಾಲದೆಂದು ಇಡೀ ಟ್ರಂಕನ್ನೇ ಹೊರಡಿಸಿದಳು. ಬಟ್ಟೆ, ಚುಚ್ಚುಮದ್ದಿನ ಸರ್ಟಿಫಿಕೇಟು, ನನ್ನ ಭಾವಚಿತ್ರ ಅಂಟಿಸಿದ ಪ್ರಯಾಣದ ಕಾಗದಪತ್ರ ಎಲ್ಲ ಅದರೊಳಗೆ. ಎಲ್ಲಿಡುವುದು? ಪಕ್ಕದ ಹಳ್ಳಿ ಆವರಗೆರೆಯಲ್ಲಿ ಇಡಬಹುದಿತ್ತು, ಆದರೆ ಅಲ್ಲಿ ನಮಗೆ ಎಮ್ಮೆ ಮಾರಿದವನ ಜೊತೆ ಅವ್ವ ಮಾತು ಬಿಟ್ಟಿದ್ದಳು. ಇನ್ನು ಉಳಿದದ್ದು ಹರಿಹರದಲ್ಲಿ ನಮ್ಮಕ್ಕನ ಮನೆ. ಸಿಂಹಳ ದಕ್ಷಿಣಕ್ಕಿದೆ, ಹರಿಹರ ಅದರ ತದ್ವಿರುದ್ಧ ದಿಕ್ಕಿಗಿದೆ ಎಂದು ಹದಿನೆಂಟು ವರ್ಷದ ಅನುಭವದಿಂದ ಹೇಳಿದೆ. "ದಿಕ್ಕು ನೋಡೋದು ಮನುಷ್ಯಾಗೆ, ಟ್ರಂಕಿಗಲ್ಲ" ಎಂದಳು ಅವ್ವ. ಅದರ ಮೇಲೆ ಇನ್ನೊಂದು ಕಟ್ಟಳೆ: ಪ್ರಸ್ಥಾನದ ಟ್ರಂಕನ್ನು ಕೈಗೆ ತಗೊಂಡ ಮೇಲೆ ನಾನು ನಮ್ಮೂರಿನ ನೆಲ ತುಳಿಯಬಾರದು, ತುಳಿದರೆ ಪ್ರಯಾಣ ಮುರಿಯಿತು. ಬೆಂಗಳೂರಿನ ಗಾಡಿ ಹರಿಹರದಿಂದ ದಾವಣಗೆರೆಯ ಮೇಲೆಯೇ ಬರುತ್ತದೆ, ಏನು ಮಾಡಲಿ ಎಂದೆ. ಅವ್ವ ಬಹಳ ಹೊತ್ತು ಯೋಚಿಸಿ, "ಗಾಡಿ ನಿಂತ್ರೆ ನಿಲ್ಲಲಿ. ನೀನು ಇಳೀಬ್ಯಾಡ" ಎಂದು ತೀರ್ಪು ಕೊಟ್ಟಳು.

ಸೋಮವಾರ ಟ್ರಂಕನ್ನು ಬಸ್ಸಿನಲ್ಲಿ ಹರಿಹರಕ್ಕೆ ಸಾಗಿಸಿದೆ. ಗುರುವಾರ ಬೆಳಿಗ್ಗೆ ಮತ್ತೆ ಹೋದಾಗ ನೋಡಿದರೆ, ನಮ್ಮ ಭಾವ ಅದನ್ನು ದೇವರ ಜಗುಲಿಯ ಪಕ್ಕದಲ್ಲಿಟ್ಟು ಕುಂಕುಮ ಹಚ್ಚಿದ್ದರು. ವಿದೇಶಕ್ಕೆ ಹೋಗುವ ಟ್ರಂಕೆಂದು ಓಣಿಯವರು ಬಂದು ನೋಡಿಕೊಂಡು ಹೋಗಿದ್ದರಂತೆ. "ಬರ್ರಿ ಬರ್ರಿ, ಕೂಡ್ರಿ. ನಿಮ್ಮ ಟ್ರಂಕಿನ ದೆಸೆಯಿಂದ ನಮಗೂ ಈಗ ಮರ್ಯಾದಿ ಬಂದೈತೆ" ಎಂದರು ಭಾವ. ಜನ ತಗಡಿನ ಪೆಟ್ಟಿಗೆ ನೋಡಲು ಬರುತ್ತಾರಲ್ಲ, ಎಂಥ ಊರು ಇದು ಎಂದು ಮೂಗು ಮುರಿದೆ. ಆಮೇಲೆ ಎಷ್ಟು ಜನ ಬಂದಿದ್ದರೆಂದು ಅಕ್ಕನನ್ನು ಮೆಲ್ಲಗೆ ವಿಚಾರಿಸಿದೆ. ಹೋಳಿಗೆ ಉಂಡು, ಭಾವ ಹೊತ್ತು ತಂದ ಟ್ರಂಕನ್ನು ಗಾಡಿಯಲ್ಲಿ ಸೀಟಿನ ಕೆಳಗೆ ತಳ್ಳಿ, ಕಿಟಕಿಯ ಪಕ್ಕ ಕೂತೆ. ಕಾಲನ್ನು ಆಗಿನಿಂದಲೇ ಮೇಲೆತ್ತಿಕೊಂಡಿದ್ದೆ.

ದಾವಣಗೆರೆ ಸ್ಟೇಷನ್ ಕಂಡರೆ ಗುರುತೇ ಸಿಗಲಿಲ್ಲ. ಬ್ಯಾಂಡು, ಕಾಗದದ ತೋರಣ, ಎಲ್ಲಿಂದಲೋ ತಂದು ನಿಲ್ಲಿಸಿದ ಮೈಕು. ಹತ್ತು ಹುಡುಗರಿಗೆ ಇನ್ನೂರು ಜನ ಬಂಧುಗಳು. ಸಾಹಸಿಗಳ ಕೊರಳಿಗೆ ಹಾರದ ಮೇಲೆ ಹಾರ. ಕೈಯಲ್ಲಿ ರೊಟ್ಟಿ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಮಂಡಕ್ಕಿಯ ಚೀಲ. ಒಬ್ಬ ತಾಯಿ ಉಪ್ಪಿನಕಾಯಿ ಭರಣಿಯನ್ನೇ ಹತ್ತಿಸಿದಳು. ಬೇಯಿಸಿಕೊಂಡು ತಿನ್ನುವವರ ಚಂದ ನೋಡು ಎಂದು ಕಿಟಕಿಯೊಳಗಿಂದ ನಗುತ್ತ ಕೂತಿದ್ದೆ. ಹಾರದ ಆಸೆ ಮನುಷ್ಯನನ್ನು ಎಷ್ಟು ಸಣ್ಣವನನ್ನಾಗಿ ಮಾಡುತ್ತದೆ ಎಂದು ಗಾಡಿ ಹತ್ತಿ ಬಂದ ಖಾದರ್ ಸಾಹೇಬರಿಗೆ ಹೇಳಿದೆ. ಅವರು ತಮ್ಮ ಹಾರವನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿ ಹುಡುಗರ ತಲೆ ಎಣಿಸುತ್ತಿದ್ದರು.

ಆಗ ಮೈಕಿನಲ್ಲಿ ಹೆಡ್‌ಮಾಸ್ತರ ದನಿ ಕೇಳಿಸಿತು. "ಜಗತ್ತಿನ ಭೂಗೋಳವನ್ನೆಲ್ಲ ಅಂಗೈಯಲ್ಲಿ ಇಟ್ಟುಕೊಂಡಿರುವ ನಮ್ಮ ಮೇಷ್ಟ್ರು ಎಲ್ಲಿದ್ದಾರೆ? ದಯವಿಟ್ಟು ಬಂದು ಹಾರ ಸ್ವೀಕರಿಸಬೇಕು" ಎಂದು ನನ್ನ ಹೆಸರು ಹಿಡಿದು ಕರೆದರು. ಕಿಟಕಿಯಿಂದಲೇ ಕೊಡಿ ಎಂದು ಕೈ ಚಾಚಿದೆ. ಆದರೆ ಅದು ಗುಲಾಬಿಯ ದಪ್ಪ ಹಾರ, ಮೂರನೇ ದರ್ಜೆಯ ಕಿಟಕಿಗೆ ಅಡ್ಡ ಸರಳು. ಹೂವು ಉದುರಿತೇ ಹೊರತು ಹಾರ ಒಳಗೆ ಬರಲಿಲ್ಲ. ನಾನು ಎದ್ದೆ.

"ಬ್ಯಾಡ್ರಿ ಮೇಷ್ಟ್ರೇ, ಗಾಡಿ ಬಿಡೋ ಹೊತ್ತು. ಕೂಡ್ರಿ" ಎಂದರು ಖಾದರ್ ಸಾಹೇಬರು.

"ಈ ಗಾಡಿ ಯಾವತ್ತು ಹೊತ್ತಿಗೆ ಸರಿಯಾಗಿ ಬಿಟ್ಟೈತ್ರಿ" ಎಂದು ಅವರ ಮುಖಕ್ಕೆ ಒಂದು ನಗೆ ಬೀರಿ ಇಳಿದೆ. ನೆಲಕ್ಕೆ ಕಾಲಿಡುವಾಗ ಅವ್ವನ ಮುಖ ಕಣ್ಮುಂದೆ ಬಂತು. ಪ್ಲಾಟ್‌ಫಾರಂ ರೈಲ್ವೆಯವರದು, ಊರಿನದಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಹಾರ ಹಾಕಿದರು. ತಂಪಾಗಿತ್ತು. ಸುಳ್ಳೇಕೆ ಹೇಳಲಿ, ಬಹಳ ಸಂತೋಷವಾಯಿತು. ಎರಡು ಮಾತು ಆಡಬೇಕೆಂದು ಮೈಕನ್ನು ನನ್ನ ಕಡೆ ತಿರುಗಿಸಿದರು. ನಾನು ಸಿಂಹಳದ ಅಕ್ಷಾಂಶ ರೇಖಾಂಶದಿಂದ ಶುರು ಮಾಡಿದೆ. ಗಾರ್ಡು ಸೀಟಿ ಊದಿದ್ದು ಕೇಳಿಸಿತು, ಆದರೆ ತರಗತಿಯಲ್ಲೂ ಗಂಟೆ ಹೊಡೆಯಿತೆಂದು ವಾಕ್ಯದ ನಡುವೆ ನಿಲ್ಲಿಸುವ ಅಭ್ಯಾಸ ನನಗಿಲ್ಲ. ಮಾನ್ಸೂನ್ ಮಾರುತಗಳಿಗೆ ಬರುವ ಹೊತ್ತಿಗೆ ಗಾಡಿ ಅಲುಗಿತು. ಓಡಿದೆ. ಎದುರಿಗೆ ಇನ್ನೂರು ಜನ ಕರವಸ್ತ್ರ ಬೀಸುತ್ತ ನಿಂತಿದ್ದರು, ಕಣ್ಣಿಗೆ ಹಾರದ ಜರಿ ಅಡ್ಡ ಬರುತ್ತಿತ್ತು. ಖಾದರ್ ಸಾಹೇಬರು ಬಾಗಿಲಲ್ಲಿ ನಿಂತು ಮೈಯೆಲ್ಲ ಹೊರಗೆ ಚಾಚಿ ಕೈ ನೀಡಿದ್ದರು. ಒಂದು ಗೇಣಿನಷ್ಟು ಸಾಲಲಿಲ್ಲ. ಟ್ರಂಕು, ಕಾಗದಪತ್ರ, ಹುಡುಗರು ಎಲ್ಲ ಹೋದರು. ಹಾರ ಹಾಕಿಕೊಂಡು ನಾನು ನಿಂತಿದ್ದೆ.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಹೆಡ್‌ಮಾಸ್ತರು ಹತ್ತಿರ ಬಂದು, "ಏನೂ ಆಗಿಲ್ರಿ. ನಾಳೆ ಗಾಡಿಗೆ ಹೋಗ್ರಿ. ಹಡಗು ಹತ್ತಾಕೆ ಇನ್ನೂ ಮೂರು ದಿನ ಐತೆ, ಸಾಹೇಬರಿಗೆ ತಂತಿ ಕೊಡ್ತೀನಿ, ಟ್ರಂಕು ಅಲ್ಲೇ ಸಿಗ್ತೈತೆ" ಎಂದರು. ಹೋಗಬಹುದಿತ್ತು. ಆದರೆ ಅಷ್ಟರಲ್ಲಿ ಕೊಟ್ರೇಶಿಯ ಅಪ್ಪ ಶಲ್ಯದ ತುದಿಯನ್ನು ಬಾಯಿಗೆ ಅಡ್ಡ ಹಿಡಿದದ್ದು ಕಂಡಿತು. ಅವರ ಹೆಗಲು ಕುಣಿಯುತ್ತಿತ್ತು. ನನ್ನ ಮೂಗು ತಾನಾಗಿಯೇ ಮುರಿಯಿತು. "ಬ್ಯಾಡ ಬಿಡ್ರಿ ಸಾರ್, ನನಗೇನು ಮೊದಲಿಂದ್ಲೂ ಮನಸ್ಸಿರಲಿಲ್ಲ" ಎಂದೆ. ನಮ್ಮ ಕಡೆ ಪಂಕ್ತಿಯಲ್ಲಿ ಬೇಡವೆಂದವರಿಗೆ ಇನ್ನೆರಡು ಸಲ ಕೇಳಿ ಬಡಿಸುವುದು ಪದ್ಧತಿ. ಹೆಡ್‌ಮಾಸ್ತರೂ ಕೇಳುತ್ತಾರೆಂದು ಕಾದೆ. ಅವರು ಎರಡು ತಿಂಗಳಿಂದ ನನ್ನ ಮಾತು ಕೇಳಿದವರು, ನಂಬಿಬಿಟ್ಟರು. "ಹಂಗಾದ್ರೆ ಒಳ್ಳೇದೇ ಆತು" ಎಂದು ಹೊರಟುಹೋದರು.

ಪಿ.ಜೆ. ಬಡಾವಣೆಯ ನಮ್ಮ ಮನೆಯವರೆಗೂ ನಡೆದೇ ಹೋದೆ. ಅವ್ವ ಬಾಗಿಲಲ್ಲಿದ್ದಳು. "ನೆಲ ತುಳಿದ್ಯಾ?" ಎಂದಳು. ತುಳಿದೆ ಎಂದೆ. "ಹಂಗಾದ್ರೆ ಕೈಕಾಲು ತೊಳಕೊಂಡು ಊಟಕ್ಕೆ ಬಾ" ಎಂದು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ರಜೆಯಲ್ಲಿ ನಾನು ಹಗಲು ಹೊತ್ತು ಬೀದಿಗೆ ಬರಲಿಲ್ಲ. ಬಂದ ಒಂದು ದಿನ ತರಕಾರಿಯವಳು, "ಸಿಂಹಳದಿಂದ ಯಾವಾಗ ಬಂದ್ರಿ ಮೇಷ್ಟ್ರೇ?" ಎಂದು ಕೇಳಿದಳು. ಅವಳ ಬದನೆಕಾಯಿಯಲ್ಲಿ ಹುಳುವಿದೆ ಎಂದು ಹೇಳಿ ಬಂದೆ.

ಶಾಲೆ ಶುರುವಾಗುವ ಹಿಂದಿನ ದಿನ ಖಾದರ್ ಸಾಹೇಬರು ಟ್ರಂಕನ್ನು ತಾವೇ ತಂದುಕೊಟ್ಟರು. ಬೀಗ ಹಾಕಿದ್ದ ಹಾಗೆಯೇ ಇತ್ತು. ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ಕೇಳದೆ ಹೋದದ್ದು ಒಳ್ಳೆಯದೆಂದುಕೊಂಡೆ. ಆದರೆ ಮರುದಿನ ಮೊದಲ ಪೀರಿಯಡ್ಡಿನಲ್ಲಿಯೇ ಕೊಟ್ರೇಶಿ ಎದ್ದು ನಿಂತ. ಬಿಸಿಲಿಗೆ ಕಪ್ಪಾಗಿದ್ದ, ಒಂದು ಮೊಳ ಬೆಳೆದ ಹಾಗೆ ಕಾಣುತ್ತಿದ್ದ.

"ಸಾರ್, ಹಡಗಿನ ಹತ್ರ ಒಬ್ಬ ಆಫೀಸರು ಪಟ್ಟಿ ಹಿಡಕೊಂಡು ಹೆಸರು ಕೂಗ್ತಿದ್ದ. ನಿಮ್ಮದನ್ನ ಮೂರು ಸಲ ಕೂಗಿದ. ಆಮೇಲೆ ಪಟ್ಟಿಯಾಗ ಹೊಡೆದು ಹಾಕಾಕೆ ಹೋದ. ಖಾದರ್ ಸಾಹೇಬರು ಕೈ ಹಿಡಕೊಂಡು, 'ಇನ್ನೊಂದು ಸಲ ಕೂಗ್ರಿ, ಅವ್ರು ಬಂದೇ ಬರ್ತಾರ' ಅಂದ್ರು. ನಾವೆಲ್ಲಾ ಸ್ಟೇಷನ್ ಕಡೀನೇ ನೋಡ್ತಿದ್ವಿ ಸಾರ್."

ಇಡೀ ತರಗತಿ ನನ್ನನ್ನು ನೋಡುತ್ತಿತ್ತು. ಯಾರೂ ನಗುತ್ತಿರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ನಕ್ಷೆಯನ್ನು ಬಿಚ್ಚಿ ತೂಗುಹಾಕಿದೆ. ಅದು ಎರಡು ಸಲ ಜಾರಿ ಬಿತ್ತು. ಆಮೇಲೆ ಬೆತ್ತದಿಂದ ಆ ಬೆವರಹನಿಯನ್ನು ಮುಟ್ಟಿ, ಸಿಂಹಳದ ಮುಖ್ಯ ಬೆಳೆಗಳನ್ನು ಹೇಳು ಎಂದೆ. ಚಹಾ, ತೆಂಗು, ರಬ್ಬರ್, ದಾಲ್ಚಿನ್ನಿ ಎಂದು ಸರಿಯಾಗಿಯೇ ಹೇಳಿದ. ಅಷ್ಟಕ್ಕೆ ನಿಲ್ಲಿಸದೆ, ದಾಲ್ಚಿನ್ನಿಯ ಚಕ್ಕೆ ಸುಲಿಯುವಾಗ ಎಂಥ ವಾಸನೆ ಬರುತ್ತದೆಂದೂ, ಸುಲಿಯುವ ಹೆಂಗಸು ಇವನ ಅಂಗೈಗೆ ಒಂದು ಚೂರು ಹಾಕಿದಳೆಂದೂ ಹೇಳತೊಡಗಿದ. ಪುಸ್ತಕದಲ್ಲಿ ಇದ್ದಷ್ಟು ಹೇಳಿ ಕೂತುಕೋ ಎಂದು ಗದರಿಸಿದೆ. ಪುಸ್ತಕದಲ್ಲಿ ಇದ್ದಷ್ಟೇ ನನಗೂ ಗೊತ್ತಿತ್ತು.