ಕಡಲು ಕಾಣದ ಅತ್ತೆಯ ಕಡಲ ದಾರಿ

ಏಪ್ರಿಲ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ನಾಲ್ಕೂವರೆ ಗಂಟೆ. ಸ್ಥಳ: ಸಂಪಾಜೆಯಲ್ಲಿ ರಸ್ತೆಗೆ ತಾಗಿಕೊಂಡಿದ್ದ ನಮ್ಮ ಅತ್ತೆಯ ಮನೆಯ ಜಗಲಿ. ಹಾಜರಿದ್ದವರು: ಅತ್ತೆ, ನಾನು ಮತ್ತು ಒಂದು ತಾಮ್ರದ ಬಿಂದಿಗೆ. ಬಿಂದಿಗೆಯನ್ನು ಹಾಜರಿಗೆ ಸೇರಿಸುವುದುಂಟೇ ಎಂದು ಕೇಳಬೇಡಿ. ಆ ದಿನ ಕಾರಿನಲ್ಲಿ ಅದಕ್ಕೆ ಸಿಕ್ಕಿದಷ್ಟು ಜಾಗ ನನಗೆ ಸಿಕ್ಕಲಿಲ್ಲ! ಹಾಜರಿಲ್ಲದವನು: ಬಾಡಿಗೆ ಕಾರಿನ ಡ್ರೈವರು.

ಅತ್ತೆಯೆಂದರೆ ನನ್ನ ತಂದೆಯ ಅಕ್ಕ. ಬೇಸಗೆಯಲ್ಲಿ ಮಂಗಳೂರು ಕಡೆಯ ಕಡಲತೀರಕ್ಕೆ ಹೋಗುವವರು ಏನು ಕಟ್ಟಿಕೊಳ್ಳಬೇಕು, ಏನು ತಿನ್ನಬಾರದು, ಎಲ್ಲಿ ನಿಲ್ಲಬೇಕು ಎಂಬ ವಿಷಯದಲ್ಲಿ ಇಡೀ ಕೊಡಗಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದೇ ಒಂದು ಸಣ್ಣ ಕೊರತೆ. ಅವರು ಕಡಲನ್ನು ನೋಡಿರಲಿಲ್ಲ!

ಹಾಗಾದರೆ ಇಷ್ಟೊಂದು ವಿದ್ಯೆ ಎಲ್ಲಿಂದ ಬಂತು? ಜಗಲಿಯಿಂದ. ಮಡಿಕೇರಿಯಲ್ಲಿ ಇಂಗ್ಲಿಷ್ ಕಮಿಷನರರು ಕುಳಿತಿದ್ದ ಕಾಲವದು. ಘಟ್ಟ ಹತ್ತುವ ಮೋಟಾರು, ಗಾಡಿಗಳೆಲ್ಲ ಉಸಿರು ಬಿಡಲು ಅತ್ತೆಯ ಮನೆಯೆದುರು ನಿಲ್ಲುತ್ತಿದ್ದವು. ಅತ್ತೆ ಎಲ್ಲರಿಗೂ ಮಜ್ಜಿಗೆ ಕೊಡುತ್ತಿದ್ದರು. ಮಜ್ಜಿಗೆಗೆ ಬದಲಾಗಿ, ಕರಾವಳಿಯಲ್ಲಿ ತಮಗಾದ ಫಜೀತಿಯೊಂದನ್ನು ಅವರು ಹೇಳಿ ಹೋಗಬೇಕು. ಹೀಗೆ ಕಂಡವರ ಕಷ್ಟಗಳನ್ನೆಲ್ಲ ಸೋಸಿ ಅತ್ತೆ ಹದಿನೇಳು ಸಲಹೆಗಳನ್ನು ಸಿದ್ಧಪಡಿಸಿದ್ದರು. ಮಡಿಕೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದ ನಾನು ರಜೆಗೆ ಬಂದಾಗ ಅವನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅಂಕೆ ಹಾಕಿ, ಕೆಳಗೆ ಗೆರೆ ಎಳೆದು. ಗೆರೆ ಓರೆಯಾದರೆ ಹೊಸ ಹಾಳೆ!

ಸಲಹೆ ಕೇಳದವರ ಗತಿ ಏನಾಗುತ್ತಿತ್ತು? ತೋಟದ ಒಬ್ಬ ದೊರೆಗೆ ಅತ್ತೆ ಬಟ್ಲರನ ಬಾಯಲ್ಲಿ ಹೇಳಿ ಕಳಿಸಿದ್ದರು: ಹತ್ತು ಗಂಟೆಯ ಮೇಲೆ ಮರಳಿಗೆ ಕಾಲಿಡಬಾರದು. ದೊರೆ ನಕ್ಕುಬಿಟ್ಟರಂತೆ. ನಾಲ್ಕು ದಿನ ಬಿಟ್ಟು ಬೇಯಿಸಿದ ಏಡಿಯ ಬಣ್ಣದಲ್ಲಿ ಹಿಂದಿರುಗಿ, ನಮ್ಮ ಜಗಲಿಯಲ್ಲಿ ಬೆನ್ನು ತಾಗಿಸದೆ ಕುಳಿತು, ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡರು. ಇನ್ನೊಮ್ಮೆ ಒಂದು ಮದುವೆ ದಿಬ್ಬಣದವರು 'ಒಣಮೀನನ್ನು ಬರುವಾಗ ಕೊಳ್ಳಿ, ಹೋಗುವಾಗ ಬೇಡ' ಎಂಬ ಒಂಬತ್ತನೆಯ ಸಲಹೆಯನ್ನು ಮೀರಿದರು. ಮಂಗಳೂರಿನಲ್ಲಿ ಮದುಮಗನನ್ನು ಎದುರುಗೊಳ್ಳಲು ಬೀಗರಿಗಿಂತ ಮೊದಲು ಬೆಕ್ಕುಗಳು ಬಂದವಂತೆ!

ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಒಮ್ಮೆ ಎಲ್ಲರೆದುರಿಗೇ ಕೆಣಕಿದರು. "ಅಲ್ಲ ಅಕ್ಕ, ಕಡಲೇ ಕಾಣದ ನೀವು ಕಡಲಿಗೆ ದಾರಿ ಹೇಳೋದಾ?"

ಅತ್ತೆ ಮಜ್ಜಿಗೆ ಹೊಯ್ಯುವ ಕೈ ನಿಲ್ಲಿಸಲಿಲ್ಲ. "ನಿಮ್ಮಪ್ಪನ ತಿಥಿಗೆ ಭಟ್ಟರು ಬಂದಿದ್ರಲ್ಲ ರೈಟ್ರೇ, ಸ್ವರ್ಗಕ್ಕೆ ದಾರಿ ಹೇಳಿದ್ರಲ್ಲ. ಅವರು ಯಾವಾಗ ಹೋಗಿ ಬಂದದ್ದು?"

ಅತ್ತೆ ಕಡಲಿಗೆ ಹೋಗದಿದ್ದರೂ ಮಾವ ಹೋಗಿದ್ದರು. ಮೋಟಾರು ಬರುವುದಕ್ಕೆ ಮುಂಚಿನ ಮಾತು. ಉಪ್ಪು, ಒಣಮೀನು ತರಲು ಒಂದು ಬೇಸಗೆಯಲ್ಲಿ ಗಾಡಿ ಕಟ್ಟಿಕೊಂಡು ಇಳಿದವರು, ಮಂಗಳೂರಿನಾಚೆ ಹೊಳೆ ಕಡಲು ಸೇರುವಲ್ಲಿ, ದೋಣಿಯಲ್ಲಿ ದಾಟುವ ಒಂದು ಕಡವಿನ ಬಳಿ ವಾಂತಿಭೇದಿಯಾಗಿ ತೀರಿಕೊಂಡರು. ಜತೆಯವರು ಆಚೆ ದಡದ ಮರಳಿನಲ್ಲೇ ದಹನ ಮಾಡಿ ಗಾಡಿಯನ್ನಷ್ಟೇ ಮನೆಗೆ ತಂದರು. ಅತ್ತೆಯ ಪಟ್ಟಿಯಲ್ಲಿ ಕುದಿಸಿದ ನೀರಿನ ಸಲಹೆಗೆ ಒಂದನೆಯ ಅಂಕೆ ಏಕೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ದಡವನ್ನು ನೋಡುವ ಆಸೆಯಿದೆಯೆಂದು ಅವರು ಎಂದೂ ಹೇಳಿದವರಲ್ಲ. "ಅಲ್ಲಿ ನಂದೊಂದು ಕೆಲಸ ಬಾಕಿ ಉಟ್ಟು" ಎನ್ನುತ್ತಿದ್ದರು. ನಮ್ಮ ಅರೆಭಾಷೆಯಲ್ಲಿ ಉಟ್ಟು ಎಂದರೆ ಉಂಟು. ಆ ವರ್ಷ ಅವರ ಮಂಡಿ ಊದತೊಡಗಿತು. "ಏ ಗೂಡೆ, ಈ ಬೇಸಗೆಲಿ ಇಲ್ಲೆಂದರೆ ಇನ್ನು ಇಲ್ಲೆ" ಎಂದರು. ಇಲ್ಲೆ ಎಂದರೆ ಇಲ್ಲ. ಗೂಡೆ ಎಂದರೆ ಹುಡುಗಿ, ಅಂದರೆ ನಾನು. ಬಾಡಿಗೆ ಕಾರು ಗೊತ್ತುಮಾಡಿದ್ದಾಯಿತು. ಕಡವಿನ ಕೊನೆಯ ದೋಣಿ ಸಂಜೆ ಐದಕ್ಕೆ. ಅದು ತಪ್ಪಿದರೆ ಮರುದಿನ ಬೆಳಗಾಗುವವರೆಗೆ ಕಾಯೋಣವೇ ಎಂದರೆ, ಬುಧವಾರ ಇನ್ನೊಬ್ಬರಿಗೆ ಬಾಡಿಗೆಗೆ ಒಪ್ಪಿದ್ದ ಕಾರು ಮಂಗಳವಾರವೇ ಮಡಿಕೇರಿ ಸೇರಬೇಕು. ಐದು ಗಂಟೆಯೆಂದರೆ ಐದು ಗಂಟೆ!

ಡ್ರೈವರು ಬಂದದ್ದು ನಾಲ್ಕು ನಲವತ್ತಕ್ಕೆ.

"ಹತ್ತು ನಿಮಿಷ ಎಲ್ಲಿ ಬಿಟ್ಟು ಬಂದೆ?" ಎಂದರು ಅತ್ತೆ.

"ಕಣ್ಣು ಹತ್ತಿತಮ್ಮ." ಅವನು ಪುತ್ತೂರಿನ ಕಡೆಯವನು.

"ಆಗಲಿ. ಊಟದಲ್ಲಿ ಕಡಿತ."

ಅವನು ತಮಾಷೆಯೆಂದುಕೊಂಡ. ಪುತ್ತೂರಿನಲ್ಲಿ ಅವನ ಎಲೆಗೆ ಮಜ್ಜಿಗೆ ಬೀಳುವ ಮುಂಚೆ ಅತ್ತೆ ಗಡಿಯಾರ ನೋಡಿ ಎಬ್ಬಿಸಿಯೇಬಿಟ್ಟರು!

ಹಾಗೆಂದು ಅವಸರದ ಹೆಂಗಸಲ್ಲ. ಐದನೆಯ ಸಲಹೆಯಂತೆ ಹನ್ನೊಂದರಿಂದ ಎರಡರವರೆಗೆ ಮನುಷ್ಯರೂ ಇಂಜಿನ್ನೂ ನೆರಳಿನಲ್ಲಿರಬೇಕು. ಕಾರನ್ನು ಮಾವಿನ ಮರದಡಿ ನಿಲ್ಲಿಸಿ ಬಾನೆಟ್ಟಿನ ಮೇಲೆ ಒದ್ದೆ ಗೋಣಿ ಹಾಸಿದರು. ಜ್ವರ ಬಂದ ಮಗುವಿನಂತೆ ಕಾರು ಮಲಗಿತ್ತು. ಡ್ರೈವರು ಎರಡು ಸಲ ಗೊಣಗಿದ. ನಾನು ಒಂದು ಸಲ.

ಎರಡಕ್ಕೆ ಹೊರಟೆವು. ಎರಡೂವರೆಗೆ ಒಂದು ಬೋಳು ಗುಡ್ಡದ ಏರಿನಲ್ಲಿ ಕಾರು ಬುಸುಗುಟ್ಟಿ ನಿಂತಿತು. ರೇಡಿಯೇಟರಿನಿಂದ ಆವಿ! ಒಂದು ಹೊಳೆಯಿಲ್ಲ, ತೋಡಿಲ್ಲ. ಡ್ರೈವರನ ಕಣ್ಣು ನೇರವಾಗಿ ಬಿಂದಿಗೆಯ ಮೇಲೆ ಬಿತ್ತು. ಬಾಯಿಗೆ ಬಟ್ಟೆ ಕಟ್ಟಿ, ಮನೆಯ ಹಿಂದಿನ ತೊರೆಯ ನೀರು ತುಂಬಿದ್ದ ಬಿಂದಿಗೆ.

"ಅಮ್ಮ, ಅದನ್ನು ಕೊಡಿ. ಈಗಲೇ ಹೊರಡುವ."

"ಅದನ್ನು ಮುಟ್ಟಬೇಡ."

"ದೋಣಿ ತಪ್ತದೆ ಮಾರಾಯ್ರೆ! ಕಡವಿನಲ್ಲಿ ಬೇಕಾದಷ್ಟು ನೀರು ತುಂಬಿಸಿಕೊಡ್ತೇನೆ."

"ಆ ನೀರು ನನಗೆ ಯಾಕೆ?"

ನನಗೂ ಸಿಟ್ಟು ಬಂತೆಂದು ಒಪ್ಪಿಕೊಳ್ಳುತ್ತೇನೆ. ದೋಣಿ ಹಿಡಿಯಲೆಂದೇ ಹೊರಟವರು ಒಂದು ಬಿಂದಿಗೆ ನೀರಿಗಾಗಿ ದೋಣಿ ಬಿಡುವುದೇ? ಅತ್ತೆ ಜಗ್ಗಲಿಲ್ಲ. ಸ್ವಲ್ಪ ದೂರದಲ್ಲಿ ಒಂದು ಬಾವಿಕಟ್ಟೆ ತೋರಿಸಿದರು. ಡ್ರೈವರು ಬಗ್ಗಿ ನೋಡಿ ತಲೆಯ ಮೇಲೆ ಕೈಯಿಟ್ಟ. ಕೆಂಪು ಮುರಕಲ್ಲು ಕಡಿದು ತೋಡಿದ ಬಾವಿ. ನೀರು ಪಾತಾಳದಲ್ಲಿ! ಅವನ ಡಬ್ಬಿಯ ಹಗ್ಗ ಅರ್ಧಕ್ಕೇ ಮುಗಿಯಿತು. ಅತ್ತೆ ಸೀಟಿನಡಿಯಿಂದ ಹನ್ನೆರಡು ಮಾರಿನ ಹಗ್ಗದ ಸುರುಳಿ ಎಳೆದರು. ನಮ್ಮ ಘಟ್ಟದಲ್ಲಿ ಬಗ್ಗಿದರೆ ನೀರು ಸಿಗುವಾಗ ಹಗ್ಗ ಹೊರುವವರು ಯಾರು? ಬೆಳಿಗ್ಗೆ ಅದನ್ನು ನೋಡಿ ಅವನು "ಆನೆ ಕಟ್ಟಲಿಕ್ಕಾ ಅಮ್ಮ?" ಎಂದಿದ್ದ. ಮೂರನೆಯ ಸಲಹೆ ಅದು. ಹಗ್ಗ ನೀರು ಮುಟ್ಟಿ ಇನ್ನೂ ಒಂದು ಮಾರು ಉಳಿಯಿತು.

"ಆನೆ ಎಲ್ಲಿ? ತೋರಿಸು" ಎಂದರು ಅತ್ತೆ.

ಮಂಗಳೂರನ್ನು ನಾವು ನೋಡಲಿಲ್ಲ, ದಾಟಿದೆವು. ಅಲ್ಲಿಂದ ಮುಂದಕ್ಕೆ ಎಡಗಡೆ ತೆಂಗಿನ ಸಾಲು. ಸಂದುಗಳಲ್ಲಿ ಆಗಾಗ ಏನೋ ನೀಲಿಯಾಗಿ ಮಿಂಚುತ್ತಿತ್ತು. ನಾನು "ಅತ್ತೆ, ಕಡಲು!" ಎಂದು ಕೂಗಿದರೆ, ಅವರು ಬಿಂದಿಗೆಯನ್ನು ಅಪ್ಪಿಕೊಂಡು ಗಡಿಯಾರ ನೋಡುತ್ತಿದ್ದರು. ಐದಕ್ಕೆ ನಾಲ್ಕು ನಿಮಿಷವಿರುವಾಗ ಕಡವು ಮುಟ್ಟಿದೆವು. ಅಂಬಿಗ ಹಗ್ಗ ಬಿಚ್ಚುತ್ತಿದ್ದ.

ಜೋಡಿಸಿದ ಎರಡು ದೋಣಿಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಕಾರು. ಹನ್ನೆರಡನೆಯ ಸಲಹೆಯಂತೆ ಕಾರಿನಿಂದ ಇಳಿದು ದೋಣಿಯ ನಡುವೆ ಕೂರಬೇಕು. ನೀರು ನೋಡಬಾರದು, ಅಂಬಿಗನ ಮುಖ ನೋಡಬೇಕು. ಅತ್ತೆ ಎಷ್ಟು ನೆಟ್ಟಗೆ ನೋಡಿದರೆಂದರೆ ಆ ಮನುಷ್ಯ ನಾಚಿಕೊಂಡ.

"ನನ್ನ ಮುಖದಲ್ಲಿ ಎಂತ ಉಂಟಮ್ಮ?"

"ಧೈರ್ಯ ಉಂಟಾ ಅಂತ ನೋಡ್ತಿದ್ದೇನೆ. ನನ್ನದು ಮುಗಿಯಿತು."

ಆಚೆ ದಡ. ಮರಳು. ಕಡಲು ಕಣ್ಣೆದುರಿಗೇ ಇತ್ತು. ಅತ್ತೆಗೆ ಕೂಡಲೇ ಹದಿನೈದನೆಯ ಸಲಹೆ ನೆನಪಾಯಿತೇನೋ, ಚಪ್ಪಲಿಗಳನ್ನು ನೀರಿನಿಂದ ಸರಿಯಾಗಿ ಹತ್ತು ಹೆಜ್ಜೆ ದೂರ ಅಳೆದು ಜೋಡಿಸಿಟ್ಟು, ಮರಳಿನ ಮೇಲೆ ಕುಳಿತರು. ಮಾತಿಗೆ ಮೊದಲೇ ಒಂದು ದೊಡ್ಡ ಅಲೆ ಬಂದು ನಮ್ಮ ಸೀರೆ ನೆನೆಸಿ, ಎರಡು ಚಪ್ಪಲಿಗಳನ್ನೂ ಎತ್ತಿಕೊಂಡು ಹೋಯಿತು!

"ಇದೆಂತ! ಹತ್ತು ಹೆಜ್ಜೆ ಬಿಟ್ಟಿದ್ದೆನಲ್ಲ!"

"ಸಂಜೆಗೆ ಕಡಲು ಏರ್ತದೆ ಅಮ್ಮ" ಎಂದ ಡ್ರೈವರು.

"ಏರ್ತದಾ? ನಮ್ಮ ಕೆರೆ ಹಾಗೆ ಇದ್ದಲ್ಲಿ ಇರೋದಿಲ್ವಾ? ಇಷ್ಟು ವರ್ಷದಲ್ಲಿ ಒಬ್ಬನಾದರೂ ಹೇಳಬೇಡವಾ! ಗೂಡೆ, ಹದಿನೈದನ್ನು ತಿದ್ದು."

ಮೂವರೂ ನಕ್ಕೆವು. ನಾನು ಪುಸ್ತಕ ತೆಗೆದು ತಿದ್ದಿದೆ. ತಲೆಯೆತ್ತಿದಾಗ ಅತ್ತೆ ಬಿಂದಿಗೆಯ ಬಾಯಿಯ ಬಟ್ಟೆ ಬಿಚ್ಚುತ್ತಿದ್ದರು.

"ಗಾಡಿಯವರು ಬಂದು ಹೇಳಿದ್ದು" ಎಂದರು, ನನ್ನನ್ನು ನೋಡದೆ. "ಕಡೇಲಿ ನಿನ್ನ ಮಾವ ಮನೆ ತೊರೆಯ ನೀರು ಕೇಳಿದರಂತೆ. ಒಂದು ಗುಟುಕು. ಅವರು ಎಲ್ಲಿಂದ ತರೋದು, ಪಾಪ."

ಬಿಂದಿಗೆಯನ್ನು ಓರೆ ಮಾಡಿ ನಿಧಾನವಾಗಿ ಮರಳಿಗೆ ಹೊಯ್ದರು. ಮರಳು ಸದ್ದಿಲ್ಲದೆ ಕುಡಿಯಿತು. ಅರ್ಧ ದಾರಿಯಲ್ಲಿ ಆ ನೀರನ್ನು ಕೇಳಿದ್ದ ಡ್ರೈವರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕುಡೀರಿ" ಎಂದರು ಅತ್ತೆ. "ಸ್ವಲ್ಪ ತಡ ಆತ್."

ಹತ್ತು ನಿಮಿಷಕ್ಕೆ ಒಬ್ಬನ ಮಜ್ಜಿಗೆಯನ್ನೇ ಕಡಿತ ಮಾಡಿದವರು!

ಕೈಯಲ್ಲಿದ್ದ ಪುಸ್ತಕ ತೆರೆದು ನಾನು ಕೇಳಿದೆ: "ಅತ್ತೆ, ಇದನ್ನೂ ಬರೆಯಲಾ?"

"ಬೇಡ. ಇದು ದಾರಿಹೋಕರಿಗಲ್ಲ."

ಆರು ಗಂಟೆ ಇಪ್ಪತ್ತು ನಿಮಿಷಕ್ಕೆ, ಆ ರಾತ್ರಿ ತಂಗಲಿದ್ದ ಛತ್ರದ ಅಂಗಳದಲ್ಲಿ ನಾನು ಬಿಂದಿಗೆಯನ್ನು ಬೂದಿ ಹಾಕಿ ಉಜ್ಜಿ, ತೊಳೆದು, ಬೋರಲು ಹಾಕಿದೆ.